ಹೆಸರು ಸಿಗದ ಕಲ್ಲುಹೂವು

ಶಕುನ, ಸೂಚನೆ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುತ್ತಿದ್ದೆ. ಸಸ್ಯಶಾಸ್ತ್ರ ಕಲಿಸುವವನು, ಕಂಡದ್ದನ್ನಷ್ಟೇ ನಂಬುವ ಹಟ. ಈಗ ಹೇಳುವುದನ್ನೂ ಕಣ್ಣಾರೆ ಕಂಡಿದ್ದೇನೆ. ನಂಬಬೇಕೋ ಬಿಡಬೇಕೋ ತಿಳಿಯದು.

ಸಿಂಧನೂರಿನ ಕಡೆ ಕಾಲುವೆ ಕೆಲಸ ಜೋರಾಗಿದ್ದ ಕಾಲ. ನಾನು ಲಿಂಗಸುಗೂರಿನಲ್ಲಿ ಬಾಡಿಗೆ ಕೋಣೆಯಲ್ಲಿದ್ದೆ. ಅಕ್ಕನ ಗಂಡ, ನನ್ನ ಮಾವ, ಮಸ್ಕಿಯ ಗುಡ್ಡದಲ್ಲಿ ಕಾಲುವೆಗಾಗಿ ಕಲ್ಲು ಒಡೆಸುತ್ತಿದ್ದರು. ಅವರ ತಂಡದಲ್ಲಿ ಒಂದು ರೂಢಿ. ಬಂಡೆಗೆ ಸಿಡಿಮದ್ದು ಇಡುವ ಮುಂಚೆ ಅದರ ಮೇಲಿನ ಕಲ್ಲುಹೂವಿಗೆ ನೀರು ಚಿಮುಕಿಸಿ, ಹಸಿರಾದ ಮೇಲೆ ಎಬ್ಬಿಸಿ, ಪಕ್ಕದ ಬಂಡೆಯ ಮೇಲಿಡುತ್ತಿದ್ದರು. ಜೀವ ಇದ್ದದ್ದನ್ನು ಬೇರೆ ಮನೆಗೆ ಕಳಿಸಿದ ಹಾಗೆ. ಒಮ್ಮೆ ಮಾವ ಅಂಗೈಯಗಲದ ಒಂದನ್ನು ಹಾಗೆ ಇಡದೆ ಟವೆಲಿನಲ್ಲಿ ಸುತ್ತಿ ನನಗೆ ತಂದರು. ನನ್ನ ಮೇಲಿನ ಪ್ರೀತಿ, ಅಷ್ಟೇ.

“ಮಾಸ್ತರ, ಇದು ಯಾವ ಜಾತಿದು? ಹೆಸರು ಹುಡುಕಿಕೊಡು,” ಅಂದರು.

“ಇದು ಒಂದು ಗಿಡ ಅಲ್ಲರೀ ಮಾವ. ಶಿಲೀಂಧ್ರ, ಪಾಚಿ ಎರಡೂ ಕೂಡಿ ಬಾಳೇವು ಮಾಡ್ಯಾವು.”

“ಹಂಗಾರ ನನ್ನಂಗ, ನಿಮ್ಮ ಅಕ್ಕನಂಗ,” ಎಂದು ನಕ್ಕರು.

ಮಸಾಲೆಗೆ ಹಾಕುತ್ತಾರಲ್ಲ, ಅದರದೇ ಬಳಗ. ಎಲೆಯಂತೆ ಅಗಲ, ಮೇಲೆ ಬೂದಿಬಣ್ಣ, ಕೆಳಗೆ ಕಪ್ಪು. ಒಳಗಿನ ಬಿಳಿ ಪದರಕ್ಕೆ ಬ್ಲೀಚಿಂಗ್ ಪುಡಿಯ ನೀರು ಹನಿಸಿದರೆ ಕೆಲವು ಜಾತಿ ಕೆಂಪಾಗುತ್ತವೆ, ಕೆಲವು ಆಗುವುದಿಲ್ಲ. ಅದನ್ನು ನೋಡಿಯೇ ಜಾತಿ ಬೇರೆ ಮಾಡುವುದು. ಇದು ಒಂದು ದಿನ ಕೆಂಪಾಯಿತು. ಮರುದಿನ ಹೊಸ ನೀರು ಕಲಸಿದರೂ ಆಗಲಿಲ್ಲ. ಬೇಸತ್ತು ಕಾಗದದ ಮೇಲೆ ಒಣಗಲು ಬಿಟ್ಟೆ.

ಬೇಸಿಗೆಯ ಒಂದು ಮಧ್ಯಾಹ್ನ ಹೊರಗೆ ಊಟ ಮಾಡಿ ಬಂದು ನೋಡುತ್ತೇನೆ, ಹಪ್ಪಳದಂತೆ ಒಣಗಿದ್ದ ಅದು ಹಸಿರಾಗಿದೆ. ಮುಟ್ಟಿದರೆ ಮೆತ್ತಗೆ. ಕೆಳಗಿನ ಕಾಗದ ತೊಯ್ದಿದೆ. ಬಾಗಿಲಿಗೆ ನಾನೇ ಕೀಲಿ ಹಾಕಿಕೊಂಡು ಹೋಗಿದ್ದೆ. ಮೂಲೆಯ ಕೊಡ ಬೆಳಗ್ಗೆ ತುಂಬಿಟ್ಟಂತೆಯೇ ಕಂಠಮಟ್ಟ ಇತ್ತು, ಮೇಲಿನ ತಟ್ಟೆ ಕೂಡ ಸರಿದಿರಲಿಲ್ಲ. ಯಾಕೋ ಮಾವನ ನೆನಪಾಯಿತು. ಮಸ್ಕಿಯ ಬಸ್ಸಿಗೆ ಓಡಿದೆ, ಹೋಗಿಬಿಟ್ಟಿತ್ತು. ಸಂಜೆಯ ಬಸ್ಸಿಗಾಗಿ ಕೂತೆ. ಹೋಗಿ ಏನು ಹೇಳಬೇಕೆಂದೂ ಗೊತ್ತಿರಲಿಲ್ಲ.

ಮಸ್ಕಿ ಮುಟ್ಟಿದಾಗ ಮನೆ ಮುಂದೆ ಜನ ನೆರೆದಿದ್ದರು. ಮಧ್ಯಾಹ್ನ ಮದ್ದು ಹಾರಿದಾಗ ಸಿಡಿದ ಕಲ್ಲು ಮಾವನಿಗೆ ಬಡಿದಿತ್ತು. ಸ್ವಲ್ಪ ಹೊತ್ತು ಜೀವ ಇತ್ತಂತೆ.

“ನೀರು, ನೀರು ಅಂದಾರಂತ ತಮ್ಮಾ,” ಅಂದಳು ಅಕ್ಕ. “ಕಲ್ಲು ಬಿದ್ದು ಅಲ್ಲಿನ ಕೊಡನೂ ಒಡದಿತ್ತಂತ. ಒಂದು ಹನಿ ಸಿಗಲಿಲ್ಲಂತ.”

ಕೋಣೆಯಲ್ಲಿ ಕಂಡದ್ದನ್ನು ಅವಳಿಗೆ ಇಂದಿಗೂ ಹೇಳಿಲ್ಲ. ಆ ಕಲ್ಲುಹೂವು ಮತ್ತೆ ಒಣಗಿತು. ಆಮೇಲೆ ಎಷ್ಟು ನೀರು ಹಾಕಿದರೂ ಹಸಿರಾಗಲಿಲ್ಲ. ಅದರ ಜಾತಿ ಯಾವುದೆಂದು ಈಗಲೂ ಗೊತ್ತಾಗಿಲ್ಲ. ಅದು ಗೊತ್ತಾಗದಿದ್ದರೂ ನಡೆದೀತು. ಮಾವ ನೀರು ನೀರು ಅಂದ ಹೊತ್ತಿಗೆ ನನ್ನ ಕೋಣೆಯಲ್ಲಿ ತುಂಬಿದ ಕೊಡ ಇತ್ತಲ್ಲ, ಮುಟ್ಟದೆ ಹಾಗೇ ಇತ್ತಲ್ಲ ಅನ್ನುವುದೊಂದೇ ನನ್ನನ್ನು ತಿನ್ನುತ್ತದೆ.