ಪ್ಯಾರಿಸ್ಸಿನ ಊರ ಹೊರಗೆ

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ದೇವದುರ್ಗದ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಸಮಾಜ ವಿಷಯ ಕಲಿಸುತ್ತಿದ್ದೆ. ತವರು ಮನೆ ರಾಯಚೂರು. ಶನಿವಾರ ಮಧ್ಯಾಹ್ನದ ಬಸ್ಸಿಗೆ ಹೋದರೆ ಸೋಮವಾರ ಬೆಳಗಿನ ಬಸ್ಸಿಗೆ ತಿರುಗಿ ಬರುವುದು. ಚೀಲದಲ್ಲಿ ವಾರಕ್ಕಾಗುವಷ್ಟು ಜೋಳದ ಹಿಟ್ಟು, ಶೇಂಗಾ ಹಿಂಡಿ, ಒಗೆದು ಮಡಚಿದ ಎರಡು ಸೀರೆ, ಅವುಗಳ ನಡುವೆ ಯುರೋಪಿನ ನಕಾಶೆ. ಶಾಲೆಯಲ್ಲೂ ಒಂದು ನಕಾಶೆ ಇತ್ತು. ಆದರೆ ಅದರಲ್ಲಿ ಫ್ರಾನ್ಸ್ ಇರಬೇಕಾದ ಜಾಗವನ್ನು ಗೆದ್ದಲು ತಿಂದುಹಾಕಿತ್ತು.

ಹತ್ತನೇ ತರಗತಿಯ ಭೂಗೋಳದಲ್ಲಿ ಪ್ಯಾರಿಸ್ ನಗರದ ಸುತ್ತಲಿನ ಪ್ರದೇಶದ ಮೇಲೆ ಒಂದು ಪಾಠವಿತ್ತು. ಅಲ್ಲಿನ ಕೈಗಾರಿಕೆ, ಅಲ್ಲಿಂದ ಯುರೋಪಿನ ಬೇರೆ ದೇಶಗಳ ಜೊತೆ ನಡೆಯುವ ವ್ಯಾಪಾರ, ಇಷ್ಟೇ. ಒಂದೂವರೆ ಪುಟ. ಮಕ್ಕಳಿಗೆ ತೀರ ನೀರಸವಾದ ಪಾಠ ಎಂದು ನಾನು ಅದನ್ನು ನಮ್ಮ ಕಡೆಯ ಮಾತಿಗೆ ಇಳಿಸಿ ಹೇಳುತ್ತಿದ್ದೆ. ಒಂಬತ್ತು ದೇಶದವರು ಸೇರಿ ತಮ್ಮ ನಡುವಿನ ಸುಂಕ ತೆಗೆದುಹಾಕಿದ್ದಾರೆ ಎನ್ನುವುದನ್ನು ನಿಜಾಮರ ಕಾಲದ ಕರೋಡಗಿರಿ ನಾಕಾದ ಕತೆಯಿಂದ ಶುರು ಮಾಡುತ್ತಿದ್ದೆ. ರಾಯಚೂರಿನಲ್ಲಿ ರೈಲು ನಿಂತಾಗ ಗಂಟುಮೂಟೆ ಬಿಚ್ಚಿಸಿ ಸುಂಕ ವಸೂಲು ಮಾಡುತ್ತಿದ್ದುದನ್ನು ನಮ್ಮಜ್ಜ ಹೇಳುತ್ತಿದ್ದರು. ಆ ನಾಕಾ ಹೋದ ಹಾಗೆ ಅಲ್ಲಿಯ ನಾಕಾಗಳೂ ಹೋದವು ಎಂದರೆ ಹುಡುಗಿಯರಿಗೆ ತಟ್ಟನೆ ತಿಳಿಯುತ್ತಿತ್ತು.

ಆ ವರ್ಷದ ತರಗತಿಯಲ್ಲಿ ಹೊರಗೇರಿಯಿಂದ ಬರುವ ಹುಡುಗಿ ಒಬ್ಬಳೇ. ಹಿಂದಿನ ಬೆಂಚಿನಲ್ಲಿ ಕೂಡುತ್ತಿದ್ದಳು. ಹಳ್ಳ ದಾಟಿ ನಡೆದು ಬರುವುದರಿಂದ ಮಳೆಗಾಲದಲ್ಲಿ ಅವಳ ಲಂಗದ ಅಂಚು ಮಧ್ಯಾಹ್ನದವರೆಗೆ ಒದ್ದೆಯಾಗಿರುತ್ತಿತ್ತು. ಅಕ್ಷರ ದುಂಡಗೆ. ಅವಳಪ್ಪ ರಾಯಚೂರಿನಲ್ಲಿ ಹತ್ತಿ ಅಂಡಿಗೆ ಹೊರುವ ಹಮಾಲ. ಭಾನುವಾರಕ್ಕೊಮ್ಮೆ ಬರುವವನು. ಒಮ್ಮೆ ಬಸ್ಸಿನಲ್ಲಿ ನನ್ನ ಗುರುತು ಹಿಡಿದು ಹೇಳಿದ್ದ:

"ನೋಡ್ರಿ ಟೀಚರಮ್ಮ, ಪಾಸಾದ್ರ ರಾಯಚೂರಿಗೆ ಕರ್ಕೊಂಡು ಹೋಗಿ ಟ್ರೇನಿಂಗ್ ಓದಿಸ್ತೀನಿ, ನಿಮ್ಮಂಗ ಆಗ್ಲಿ. ನಪಾಸಾದ್ರ ಮಾನ್ವಿ ಗಂಡಿನವರು ಕಾಯಾಕತ್ಯಾರ. ಅವರಿಗೆ ಇನ್ನ ಎಷ್ಟ್ ದಿನಾ ಅಂತ ತಡಿ ಅನ್ನಲಿ?"

ಪಾಠ ಮಾಡಿದ ದಿನ ನನಗೆ ಚೆನ್ನಾಗಿ ನೆನಪಿದೆ. ಪುಸ್ತಕದಲ್ಲಿ 'ಉಪನಗರ' ಎಂದಿತ್ತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು.

"ಟೀಚರ್, ಉಪನಗರ ಅಂದ್ರ ಉಪವಾಸ ಇರೋರ ನಗರ ಏನ್ರಿ?"

"ಲೇ, ನಿಮ್ಮ ಮನಿ ಶನಿವಾರ ಅಲ್ಲ ಅದು!" ಎಂದು ಇನ್ನೊಬ್ಬಳು ಕುಟುಕಿದಳು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ನಗುತ್ತಲೇ ಹೇಳಿದೆ: "ಉಪನಗರ ಅಂದ್ರ ಊರ ಹೊರಗಿರೋ ವಸ್ತಿ."

ಹಿಂದಿನ ಬೆಂಚಿನಿಂದ ಅವಳು ಕೇಳಿದಳು: "ಅಂದ್ರ ನಮ್ಮ ಓಣಿಯಂಗರೀ?"

ನಗು ನಿಂತಿತು. ಮುಂದಿನ ಬೆಂಚಿನವರೆಲ್ಲ ಕತ್ತು ತಿರುಗಿಸಿ ಅವಳನ್ನು ನೋಡಿದರು. ನಮ್ಮಲ್ಲಿ 'ಊರ ಹೊರಗೆ' ಎಂಬ ಮಾತಿಗೆ ಇರುವ ಅರ್ಥ ಒಂದೇ. ಆ ಅರ್ಥದೊಳಗೆ ಹುಟ್ಟಿ ಬೆಳೆದವಳ ಮುಂದೆ ನಾನು ಆ ಮಾತು ಆಡಿದ್ದೆ. ಅದನ್ನು ಬಿಡಿಸಿ ಹೇಳಬೇಕೆಂದರೆ ಅವಳ ಓಣಿ ಊರ ಹೊರಗೆ ಯಾಕಿದೆ ಎನ್ನುವುದರಿಂದ ಶುರು ಮಾಡಬೇಕಿತ್ತು, ಆ ಮುಖಗಳೆಲ್ಲದರ ಎದುರು. ಅಷ್ಟರಲ್ಲಿ ಗಂಟೆ ಹೊಡೆಯಿತು. "ಹೂಂ, ಹಂಗ ಅನ್ಕೋ," ಎಂದು ನಕಾಶೆ ಸುತ್ತಿದೆ.

ಮರುದಿನ ತಿದ್ದಬಹುದಿತ್ತು. ಮರುದಿನ ಬೇರೆ ಪಾಠ ಬಂತು.

ಪಬ್ಲಿಕ್ ಪರೀಕ್ಷೆಯ ದಿನ ನಾನು ಗೇಟಿನ ಹೊರಗೆ ನಿಂತಿದ್ದೆ. ಅವಳು ಓಡಿಕೊಂಡು ಬಂದಳು. ಬೆರಳಿಗೆಲ್ಲ ಶಾಯಿ.

"ಟೀಚರ್, ಅದ ಪ್ರಶ್ನಿ ಬಂತ್ರಿ, ಪ್ಯಾರಿಸ್ಸಿಂದು! ಎರಡು ಹಾಳಿ ಜಾಸ್ತಿ ಕೇಳಿ ತಗೊಂಡ್ನಿ."

"ಏನೇನು ಬರದಿ?"

"ಪ್ಯಾರಿಸ್ಸಿನ ಊರ ಹೊರಗಿನ ಜನಕ್ಕ ಊರೊಳಗ ಮನಿ ಕಟ್ಟಾಕ ಬಿಡಂಗಿಲ್ಲ. ಅದಕ್ಕ ಅವರು ಹೊಳಿ ದಂಡಿಗೆ ಕಾರ್ಖಾನಿ ಕಟ್ಕೊಂಡ್ರು. ಅವರು ಮಾಡಿದ ಮೋಟಾರು ಜರ್ಮನಿ, ಬೆಲ್ಜಿಯಂ, ಇಟಲಿ ಎಲ್ಲಾ ಕಡಿ ಹೊಕ್ಕಾವ. ನಾಕಾದಾಗ ಯಾರೂ ತಡಿಯಂಗಿಲ್ಲ. ಅವರನ್ನ ಮುಟ್ಟದೋರು ಅವರು ಮಾಡಿದ ಮೋಟಾರಿನಾಗ ಕುಂದರ್ತಾರ. ಹಿಂಗ ಬರದೀನ್ರಿ. ಎಲ್ಲಾದಕ್ಕಿಂತ ಅದನ್ನ ಛಲೋ ಬರದೀನಿ."

ಅವಳ ಮುಖ ಅರಳಿತ್ತು. "ಛಲೋ ಆತು, ಬಿಸಿಲಾಗ ನಿಲ್ಲಬ್ಯಾಡ, ಮನಿಗೆ ಹೋಗು," ಎಂದೆ.

ಫಲಿತಾಂಶ ಬಂದಾಗ ಎಲ್ಲದರಲ್ಲೂ ಪಾಸಾಗಿದ್ದಳು, ಸಮಾಜ ವಿಷಯ ಒಂದನ್ನು ಬಿಟ್ಟು. ಅದರಲ್ಲಿ ನಾಲ್ಕೇ ಅಂಕ ಕಡಿಮೆ. ಆ ಒಂದು ಪ್ರಶ್ನೆ ಐದು ಅಂಕದ್ದು.

ಮುಂದಿನ ಭಾನುವಾರ ನಾನು ಹಳ್ಳ ದಾಟಿ ಅವರ ಮನೆಗೆ ಹೋದೆ. ಅಷ್ಟು ವರ್ಷದಲ್ಲಿ ಅದೇ ಮೊದಲು. ಅವಳಪ್ಪ ಕಂಬಳಿ ಹಾಸಿದ. ತಪ್ಪು ನನ್ನದು, ಅವಳದಲ್ಲ ಎಂದು ಎಲ್ಲ ಹೇಳಿದೆ. ಅವನು ತಲೆ ಬಗ್ಗಿಸಿ ಕೇಳಿಸಿಕೊಂಡ.

"ನಮ್ಮ ಓಣಿಯಂಗ ಏನ್ರಿ ಅಂತ ಅಕಿ ಕೇಳಿದಾಗ, ಅಲ್ಲ ಅಂತ ಹೇಳಾಕ ಎಷ್ಟೊತ್ತು ಬೇಕಿತ್ರಿ ಯವ್ವಾ?" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ಹಗುರಾಗುತ್ತಿತ್ತೇನೋ.

"ಅಕ್ಟೋಬರಿಗೆ ಮತ್ತೆ ಕಟ್ಟಲಿ. ಒಂದೇ ವಿಷಯ. ಅಷ್ಟು ತನಕ ಮದುವೆ ತಡಿರಿ."

"ಮಾತು ಕೊಟ್ಟೀನ್ರಿ. ಇನ್ನ ತಡಿ ಅಂದ್ರ ಅವರು ಬ್ಯಾರೆ ಕಡಿ ನೋಡ್ತಾರ. ಆ ಮನಿಯವರು ಕಳಿಸಿದ್ರ ಬರೀಲಿ, ನಾ ಬ್ಯಾಡ ಅನ್ನಂಗಿಲ್ಲ."

ಅವಳು ಬಾಗಿಲ ಹಿಂದೆ ನಿಂತಿದ್ದಳು. ಹೊರಗೆ ಬರಲಿಲ್ಲ.

ಅರ್ಜಿ ನಾನೇ ತುಂಬಿ ಕಳಿಸಿದೆ. ರಾಯಚೂರಿನ ಕೇಂದ್ರ ಹಾಕಿಸಿದೆ, ಮಾನ್ವಿಯಿಂದ ನೇರ ಬಸ್ಸಿದೆ ಎಂದು. ಪ್ರವೇಶ ಪತ್ರ ಬರುವಷ್ಟರಲ್ಲಿ ಅವಳ ಮದುವೆ ಆಗಿತ್ತು. ಅದನ್ನು ಕೊಡಲು ಮಾನ್ವಿಗೆ, ಅವಳ ಗಂಡನ ಮನೆಗೆ ಹೋದೆ. ಕಾಲುವೆ ನೀರಿನ ಊರು, ಎಲ್ಲೆಡೆ ಬತ್ತದ ಗದ್ದೆ, ಜನವೆಲ್ಲ ಕಳೆ ಕೀಳುವುದರಲ್ಲಿದ್ದರು. ಅವಳ ಅತ್ತೆ ಒಳ್ಳೆಯವಳು. ಚಹಾ ಕೊಡುವ ಮುಂಚೆ "ಕುಡಿತೀರಿಲ್ರಿ ನಮ್ಮ ಮನ್ಯಾಗ?" ಎಂದು ಕೇಳಿದಳು. ಕುಡಿದೆ.

ಹುಡುಗಿ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಕೈಗೆ ಹಸಿರು ಬಳೆ. "ಟೀಚರ್, ಈಗರ ಖರೇ ಉತ್ತರ ಹೇಳ್ರಿ," ಎಂದಳು.

ಆ ಬೇಸಿಗೆಯಲ್ಲಿ ನಾನು ರಾಯಚೂರಿನ ಗ್ರಂಥಾಲಯದಲ್ಲಿ ಕೂತು ಸಿಕ್ಕಿದ್ದನ್ನೆಲ್ಲ ಓದಿದ್ದೆ. ಪ್ಯಾರಿಸ್ಸಿನ ಹೊರಗೆ ಉಳ್ಳವರೂ ಇರುತ್ತಾರೆ, ಅಂಗಳದಲ್ಲಿ ಹೂ ಬೆಳೆಸಿಕೊಂಡು, ಬೆಳಿಗ್ಗೆ ರೈಲಿನಲ್ಲಿ ಕಚೇರಿಗೆ ಹೋಗುತ್ತಾರೆ ಎಂದು ಹೇಳಿದೆ. ಸೀನ್ ನದಿಯ ದಂಡೆಗೆ ಮೋಟಾರು ಕಾರ್ಖಾನೆಗಳಿವೆ ಎಂದೆ. ಆಮೇಲೆ, ಹೇಳಬಾರದೆಂದುಕೊಂಡಿದ್ದನ್ನೂ ಹೇಳಿದೆ. ಆ ಕಾರ್ಖಾನೆಗಳಿಗೆ ಪೋರ್ಚುಗಲ್ಲಿನಿಂದ, ಅಲ್ಜೀರಿಯಾದಿಂದ ಬಂದ ಕೂಲಿಯವರು ಬಹಳ ವರ್ಷ ಕೆಸರಿನಲ್ಲಿ ತಗಡಿನ ಗುಡಿಸಲು ಹಾಕಿಕೊಂಡಿದ್ದರು, ಒಂದೇ ನಲ್ಲಿಗೆ ಓಣಿಯೆಲ್ಲ ಕೊಡ ಹಚ್ಚುತ್ತಿತ್ತು ಎಂದು.

ಅವಳ ಕೈ ನಿಂತಿತು. "ಹಂಗಂದ್ರ ನಾ ಬರದಿದ್ದು ಪೂರಾ ಸುಳ್ಳಲ್ಲಲ್ರಿ?"

"ಅಲ್ಲ. ಆದ್ರ ಹಂಗ ಬರೀಬ್ಯಾಡ. ಹೊಳಿ ಹೆಸರು, ಮಾಲಿನ ಹೆಸರು, ದೇಶದ ಹೆಸರು ಬರಿ ಸಾಕು. ಜನರದ್ದು ಬಿಡು."

"ಜನರದ್ದು ಬಿಟ್ರ ಪಾಸ್ ಮಾಡ್ತಾರೇನ್ರಿ?" ಎಂದು ನಕ್ಕಳು. ನಾನು ಹೂಂ ಎಂದೆ.

"ಕಳಿ ಕೀಳಾದು ಮುಗದ್ರ ಕಳಿಸ್ತೀವ್ರಿ," ಎಂದು ಅತ್ತೆ ಬಾಗಿಲತನಕ ಬಂದು ಹೇಳಿದಳು. "ಬರ್ತೀನ್ರಿ, ಮೊದಲ ಬಸ್ಸಿಗೇ ಬರ್ತೀನಿ," ಎಂದು ಅವಳು ಒಳಗಿನಿಂದ ಕೂಗಿದಳು.

ಆ ಅಕ್ಟೋಬರಿನಲ್ಲಿ ರಾಯಚೂರಿನ ಕೇಂದ್ರಕ್ಕೆ ನನ್ನನ್ನೇ ಮೇಲ್ವಿಚಾರಣೆಗೆ ಹಾಕಿದ್ದರು. ಕೋಣೆಯಲ್ಲಿ ಬೆಂಚಿಗೊಬ್ಬರಂತೆ ಸಂಖ್ಯೆ ಬರೆದಿದ್ದೆವು. ಕಿಟಕಿಯ ಪಕ್ಕದ ಬೆಂಚು ಅವಳದು. ಪ್ರಶ್ನೆಪತ್ರಿಕೆ ಹಂಚುವಾಗ ಅಲ್ಲಿಯೂ ಒಂದು ಇಟ್ಟೆ, ಗಾಳಿಗೆ ಹಾರದಂತೆ ಉತ್ತರ ಪತ್ರಿಕೆಯ ಕೆಳಗೆ ಸಿಕ್ಕಿಸಿದೆ. ಪ್ಯಾರಿಸ್ಸಿನ ಮೇಲೆ ಪ್ರಶ್ನೆ ಇರಲಿಲ್ಲ. ಇದ್ದ ಪ್ರಶ್ನೆಗಳೆಲ್ಲ ಅವಳಿಗೆ ಬರುವಂಥವೇ.

ಅರ್ಧ ತಾಸಾದ ಮೇಲೆ ಮುಖ್ಯಸ್ಥರು ಬಾಗಿಲಿಗೆ ಬಂದರು.

"ಮಾನ್ವಿ ಬಸ್ಸು ತಡ ಆಗಿರಬೋದ್ರಿ ಸರ್," ಎಂದೆ.

"ಬಸ್ ಯಾವಾಗೋ ಬಂದದ್ರಿ ಟೀಚರ್. ಆ ಕಡಿ ಇಬ್ಬರು ಹುಡುಗೋರು ಅದರಾಗ ಬಂದು ಬರಿಯಾಕತ್ಯಾರ. ಗೇಟ್ ಹಾಕಸ್ಲೇನು?"

"ಹಾಕಸ್ರಿ," ಎಂದೆ. ಕಿಟಕಿಯ ಬೆಂಚಿನ ಮೇಲಿದ್ದ ಎರಡು ಪತ್ರಿಕೆಗಳನ್ನೂ ಎತ್ತಿಕೊಂಡು, ಗೈರುಹಾಜರಿ ಪಟ್ಟಿಯಲ್ಲಿ ಅವಳ ಸಂಖ್ಯೆ ಬರೆದು ಸಹಿ ಹಾಕಿದೆ.