ನೋಡದ ಚುಕ್ಕೆ

ಸರಿತಾ, ನೀನು ಚುಕ್ಕೆ ಕಂಡ ಆ ಚಿತ್ರವನ್ನು ನಾನು ನೋಡಿರಲಿಲ್ಲ. ತೆರೆದೇ ಇರಲಿಲ್ಲ. ಪಟ್ಟಿಯಲ್ಲಿ ಅದರ ಮುಂದೆ ‘ಇಲ್ಲ’ ಎಂದು ಬರೆದೆ.

ಏಕೆ? ಅವತ್ತು ಲ್ಯಾಬಿನಲ್ಲಿ ಕರೆಂಟು ಹೋಗಿತ್ತು ಎಂದು ಇಲ್ಲಿ ಬರೆಯಹೊರಟು ಅಳಿಸಿದೆ. ಹೋಗಿತ್ತೋ ಇಲ್ಲವೋ ಗೊತ್ತಿಲ್ಲ — ನೆನಪು ಮುಂದಿಡುವುದೆಲ್ಲ ನನಗೆ ಅನುಕೂಲವಾದದ್ದೇ. ಗೊತ್ತಿರುವುದು ಇಷ್ಟು: ಕೊನೆಯ ಹತ್ತಿಪ್ಪತ್ತು ಸಾಲುಗಳಿಗೆ ಒಂದೇ ಸಮನೆ ‘ಇಲ್ಲ’ ತುಂಬಿದೆ. ಬೇಸರವಾಗಿತ್ತು. ಅಥವಾ ನನ್ನ ವಿದ್ಯಾರ್ಥಿನಿಯಾದ ನಿನ್ನ ಕಣ್ಣು ನನ್ನದಕ್ಕಿಂತ ಚುರುಕು ಎಂಬುದು — ಬೇಡ, ಅದನ್ನೂ ಕಾರಣವೆಂದು ಹೇಳಲಾರೆ.

ಮಿಲಿಸೆಕೆಂಡಿನಲ್ಲಿ ಬಂದು ಹೋಗುವ ರೇಡಿಯೊ ಸ್ಫೋಟಗಳು ನಮ್ಮ ಕೈಗೆ ಸಿಗುವಂಥವಲ್ಲ. ಆದರೆ ಕೆಲವು ಸ್ಫೋಟಗಳ ಜಾಗದಲ್ಲಿ ಎಡೆಬಿಡದೆ ಬೆಳಗುವ, ಚಿತ್ರದಲ್ಲಿ ಚುಕ್ಕೆಯಾಗಿ ಕಾಣುವ ಒಂದು ರೇಡಿಯೊ ಮೂಲವೂ ಇರುತ್ತದೆ. ಅಂಥದ್ದು ಹತ್ತಿರದ ಗೆಲಾಕ್ಸಿಗಳಲ್ಲಿ ಇದೆಯೇ ಎಂದು ರೇಡಿಯೊ ದೂರದರ್ಶಕದ ಹಳೆಯ ಚಿತ್ರಗಳಲ್ಲಿ ಹುಡುಕುವುದು — ಮಧುಗಿರಿಯ ಕಾಲೇಜಿನಲ್ಲಿ ನಮ್ಮಿಬ್ಬರ ಪಾಲಿಗೆ ಬಂದಿದ್ದ ಕೆಲಸ. ಪ್ರತಿ ಚಿತ್ರವನ್ನೂ ಇಬ್ಬರು ಬೇರೆ ಬೇರೆಯಾಗಿ ನೋಡಬೇಕು. ಇಬ್ಬರೂ ‘ಇದೆ’ ಎಂದರೆ ಮಾತ್ರ ಆ ಗೆಲಾಕ್ಸಿಯನ್ನು ಮತ್ತೆ ವೀಕ್ಷಿಸಲು ಅರ್ಜಿ. ನೀನು ‘ಇದೆ’ ಎಂದಿದ್ದೆ. ನಾನೂ ಹಾಗೆಂದಿದ್ದರೆ ಅರ್ಜಿ ನಿನ್ನ ಹೆಸರಿನಲ್ಲಿ ಹೋಗುತ್ತಿತ್ತು. ಅದನ್ನು ನೆಚ್ಚಿಕೊಂಡೇ ನೀನು ಸಂಶೋಧನೆಗೆ ಸೇರುವ ಮಾತಾಡುತ್ತಿದ್ದೆ.

ಈ ಹುಡುಕಾಟದ ತಂಡದವರು ನಮ್ಮ ಎರಡೂ ಪಟ್ಟಿಗಳನ್ನು ಹೋಲಿಸಿ ಕಳಿಸಿದ ದಿನ ನೀನು ವಳ್ಳೂರಿನ ಬಸ್ಸಿಳಿದು, ಊಟದ ಡಬ್ಬಿಯನ್ನೂ ಕೆಳಗಿಡದೆ, ನನ್ನ ಮೇಜಿನ ಮುಂದೆ ಬಂದು ನಿಂತೆ.

“ನಮ್ಮೂರ ಧೂಳು ಅಂದ್ಕಂಡು ಸ್ಕ್ರೀನು ಎರಡು ಸಲ ಒರೆಸ್ದೆ ಸಾರ್. ಚುಕ್ಕೆ ಹೋಗ್ಲಿಲ್ಲ. ನೀವು ನೋಡ್ದಾಗ ಇರ್ಲಿಲ್ವಾ?”

“ನೋಡ್ದೆ ಕಣಮ್ಮ. ಏನೂ ಇಲ್ಲ, ಬುಡು.”

ನೀನು ನಕ್ಕಂತೆ ಒಮ್ಮೊಮ್ಮೆ ನೆನಪಾಗುತ್ತದೆ, ಒಮ್ಮೊಮ್ಮೆ ಇಲ್ಲ. “ಹಂಗಾದ್ರೆ ನನ್ನ ಕಣ್ಣೇ ಸರಿಯಿಲ್ಲ” ಎಂದು ನೀನು ಹೇಳಿದ್ದು ಮಾತ್ರ ಖಂಡಿತ. ಆಮೇಲೆ ನೀನು ಚಿತ್ರ ನೋಡಲು ಬರಲಿಲ್ಲ.

ಇಷ್ಟು ವರ್ಷಗಳ ಮೇಲೆ, ಈಚೆಗೆ ಬೇರೆ ಯಾರೋ ಆ ಗೆಲಾಕ್ಸಿಯನ್ನು ವೀಕ್ಷಿಸಿದರು. ಅವರ ವರದಿ ಓದಿ, ಹಳೆಯ ಚಿತ್ರವನ್ನು ಮೊದಲ ಸಲ ತೆರೆದೆ. ಚುಕ್ಕೆ ಇತ್ತು — ನೀನು ಗುರುತಿಸಿದ್ದಲ್ಲೇ, ಗೆಲಾಕ್ಸಿಯ ಅಂಚಿನಲ್ಲಿ. ಅವರ ಹೊಸ ಚಿತ್ರದಲ್ಲಿ ಅದಿಲ್ಲ. ಇಂಥ ಮೂಲಗಳು ವರ್ಷ ಕಳೆದಂತೆ ಮಂಕಾಗುವುದುಂಟು. ಉಪಕರಣದ್ದೇ ಸುಳ್ಳು ಸಂಕೇತವೊಂದು ಚುಕ್ಕೆಯಂತೆ ಕಂಡಿದ್ದರೂ ಕಂಡಿರಬಹುದು. ಯಾವುದೆಂದು ತಿಳಿಯಲು ಆಗಲೇ ಮತ್ತೊಮ್ಮೆ ನೋಡಬೇಕಿತ್ತು. ಇನ್ನು ಅದು ಯಾರಿಂದಲೂ ಆಗದು.

ಹೋದ ವಾರ ಕೊರಟಗೆರೆಗೆ, ನೀನು ಪಾಠ ಮಾಡುವ ಶಾಲೆಯ ಗೇಟಿನವರೆಗೆ, ಇದನ್ನು ಹೇಳಲೆಂದೇ ಬಂದಿದ್ದೆ. ಆ ಗೆಲಾಕ್ಸಿಯನ್ನು ಮತ್ತೆ ನೋಡಿದ್ದಾರೆ, ಏನೂ ಸಿಗಲಿಲ್ಲ ಎಂಬಷ್ಟೇ ಬಾಯಿಗೆ ಬಂತು.

“ನೀವು ಅವತ್ತೇ ಹೇಳಿದ್ರಲ್ಲ ಸಾರ್,” ಎಂದು ನೀನು ನಕ್ಕೆ. “ನಿಮ್ಮ ಕಣ್ಣು ಅಂದ್ರೆ ಕಣ್ಣು ಬುಡಿ.”

ನಾನು ಬಸ್ಸು ಹತ್ತಿದೆ.

ಆ ಪಟ್ಟಿಯ ಕೆಳಗೆ ‘ಇಬ್ಬರು ನೋಡಿದ್ದಾರೆ’ ಎಂಬ ಸಾಲು ಇಂದಿಗೂ ಇದೆ. ಅದು ಸುಳ್ಳೆಂದು ಇವತ್ತು ತಂಡದವರಿಗೆ ಬರೆದು ಕಳಿಸಿದೆ. ಈಗ ನಿನಗೆ. ನೋಡಿದವಳು ನೀನೊಬ್ಬಳೇ.