ಓಬವ್ವ ನೋಡಿದ ಮೇಲೆ ನಿರ್ಮಲಮ್ಮನವರ ಸಹಿ

ಆ ಒಂದು ಪುಟದ ವಿಷಯ ಬರೆಯಬೇಕೋ, ಬಿಟ್ಟುಬಿಡಬೇಕೋ? ಶಾಲು, ಹಾರ, ಹಣ್ಣಿನ ಬುಟ್ಟಿಗಳ ನಡುವೆ ಎಲ್ಲರ ಕೈ ಸೇರುವ ಪುಸ್ತಕದಲ್ಲಿ ಅಂಥ ಮಾತು ಬಂದರೆ ಮೇಡಂ ಅವರ ಮನಸ್ಸು ನೊಂದೀತೆ? ಬರದಿದ್ದರೆ ಉಳಿದ ಹೊಗಳಿಕೆಯೆಲ್ಲ ಪೊಳ್ಳಾಗದೆ? ನಿರ್ಮಲಮ್ಮನವರ ಅಭಿನಂದನ ಗ್ರಂಥಕ್ಕೆ ಲೇಖನ ಕೊಡಲು ಒಪ್ಪಿಕೊಂಡ ದಿನದಿಂದ ಕೊಟ್ರೇಶನನ್ನು ಕಾಡುತ್ತಿರುವುದು ಇದೇ ಪ್ರಶ್ನೆ. ಅವನು ಅವರ ಶಿಷ್ಯ. ಈಗ ಅವರದೇ ವಿಭಾಗದಲ್ಲಿ ಉಪನ್ಯಾಸಕ.

ದಾವಣಗೆರೆಯ ಪಾಲಿಟೆಕ್ನಿಕ್ ಒಂದರಲ್ಲಿ ಮೂವತ್ತೊಂದು ವರ್ಷ ಕಂಪ್ಯೂಟರ್ ಪಾಠ ಹೇಳಿದ ನಿರ್ಮಲಮ್ಮನವರು ದೊಡ್ಡ ಸಭೆಗಳಲ್ಲಿ ಮಾತಾಡಿ ಹೆಸರಾದವರಲ್ಲ. ಆದರೆ ಈ ಸೀಮೆಯಲ್ಲಿ ವೆಬ್‌ಸೈಟ್ ಕಟ್ಟಿ ಬದುಕುವ ನೂರಾರು ಜನ, ಅರ್ಜಿಯ ಒಂದು ಖಾನೆ ಮಾಡುವಾಗಲೂ ಅದನ್ನು ತುಂಬುವವರ ಮುಖ ನೆನೆಯುತ್ತಾರೆಂದರೆ, ಅದು ಅವರು ಹಾಕಿಕೊಟ್ಟ ಅಭ್ಯಾಸ. ಹರಿಹರದಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದ ಅವರ ಚೀಲದಲ್ಲಿ ಊಟದ ಡಬ್ಬಿಯ ಜೊತೆಗೆ ಒಂದಿಷ್ಟು ಹಾಳಾದ ಅರ್ಜಿಗಳು ಇರುತ್ತಿದ್ದವು. ಜನ ಬ್ಯಾಂಕಿನಲ್ಲಿ, ಅಂಚೆ ಕಚೇರಿಯಲ್ಲಿ ಬರೆದು, ಹೊಡೆದುಹಾಕಿ, ಮುದುರಿ ಎಸೆದಂಥವು. ಅವನ್ನು ನೆಲದಿಂದ ಆರಿಸಿ ತಂದು, ಮಡಿಕೆ ಬಿಡಿಸಿ, "ಇವರು ಇಲ್ಲಿ ಯಾಕೆ ತಡವರಿಸಿದರು?" ಎಂದು ತರಗತಿಯನ್ನು ಕೇಳುತ್ತಿದ್ದರು.

ಅವರ ಇನ್ನೊಂದು ಕ್ರಮಕ್ಕೆ ಹುಡುಗರು ಹಿಂದಿನಿಂದ ನಗುತ್ತಿದ್ದರು. ಯಾವ ವಿದ್ಯಾರ್ಥಿ ಏನೇ ಅರ್ಜಿ ಕಟ್ಟಲಿ, ಲ್ಯಾಬಿನ ಕಸ ಗುಡಿಸಿ ನೀರಿಡುವ ಓಬವ್ವ ಅದನ್ನು ಕೂತು ತುಂಬಬೇಕು. ಏನಾಯಿತೆಂದು ವಿದ್ಯಾರ್ಥಿ ಒಂದು ಉದ್ದನೆಯ ನೋಟ್‌ಪುಸ್ತಕದಲ್ಲಿ ಬರೆಯಬೇಕು. ಅದರ ಕೆಳಗೆ ಮೇಡಂ ಸಹಿ.

ಬಾತಿ ಎಂಬ ಹಳ್ಳಿಯಿಂದ ಬಂದ ಕೊಟ್ರೇಶ್ ಮೊದಲ ವರ್ಷ ಕೀಲಿಮಣೆಗೇ ಹೆದರುತ್ತಿದ್ದ. ಊಟದ ಬಿಡುವಿನಲ್ಲಿ ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು, ತಮ್ಮ ಡಬ್ಬಿಯ ರೊಟ್ಟಿಯಲ್ಲಿ ಅರ್ಧ ಮುರಿದುಕೊಟ್ಟು, ಬೆರಳು ಹಿಡಿದಂತೆ ಕಲಿಸಿದವರು ನಿರ್ಮಲಮ್ಮನವರು. ಅವನ ಮೊದಲ ಅರ್ಜಿಯನ್ನು ತುಂಬಲು ಕೂತ ಓಬವ್ವ ಫೋನ್ ನಂಬರಿನ ಖಾನೆಗೆ ಬರುವಷ್ಟರಲ್ಲಿ ಪರದೆಯ ಮೇಲೆ ಕೆಂಪಕ್ಷರ ಮೂಡಿತು: ತಪ್ಪು ಮಾಹಿತಿ.

"ಏ ಕೊಟ್ರೇಶಪ್ಪ, ನಿನ್ನ ಕಂಪ್ಯೂಟರ್ ಡಬ್ಬಿ ನನ್ನ ಬೈತೈತಲ್ಲೋ! ನನ್ನ ನಂಬರ್ ನನಗ ಗೊತ್ತಿಲ್ಲೇನು?"

"ನಡುವೆ ಜಾಗ ಬಿಟ್ಟೀಯಲ್ಲವ್ವ, ಅದಕ್ಕೆ."

"ಬಿಡದಂಗ ಬರೆದ್ರ ಓದೋದು ಹೆಂಗೆ? ನಿಮ್ಮಪ್ಪ ಓದ್ತಾನಾ?"

ನಿರ್ಮಲಮ್ಮನವರು ನಕ್ಕರು. "ಐದೈದು ಬಿಡಿಸಿ ಬರೆಯೋದು ಎಲ್ಲಾರ ರೂಢಿ ಐತಪ್ಪ. ಆ ಜಾಗ ತೆಗೆಯೋ ಕೆಲಸ ನಿನ್ನ ಪ್ರೋಗ್ರಾಮಿಂದು, ಆಕೀದಲ್ಲ. ಬೈಬ್ಯಾಡ. ಏನು ಬೇಕು ಅಂತ ಕೇಳು."

ಓಬವ್ವ ಒಂದು ಸಲ ತುಂಬಿ ಏಳುವವಳಲ್ಲ. ತನ್ನದು ಮುಗಿದ ಮೇಲೆ ಹದಡಿಯಲ್ಲಿರುವ ತಂಗಿ ಅಂಜಿನವ್ವನ ಹೆಸರಿನಲ್ಲೂ ತುಂಬುವಳು. ಅಂಜಿನವ್ವನಿಗೆ ಫೋನ್ ಇಲ್ಲ. ಹಾಗಾಗಿ ನಂಬರು ಮಾತ್ರ ಮತ್ತೆ ತನ್ನದೇ. ಪ್ರತಿ ಸಲವೂ ಹೀಗೆಯೇ.

ದುರುದ್ದೇಶದಿಂದ ಬರುವವನು ಪರದೆಯ ಮೇಲಿನ ತಡೆಯನ್ನು ದಾಟಬಲ್ಲ, ಆದ್ದರಿಂದ ಸರ್ವರಿನಲ್ಲಿ ಎಲ್ಲವನ್ನೂ ಮತ್ತೊಮ್ಮೆ ಪರೀಕ್ಷಿಸಬೇಕು ಎಂಬುದನ್ನು ನಿರ್ಮಲಮ್ಮನವರು ಕಟ್ಟುನಿಟ್ಟಾಗಿ ಕಲಿಸಿದರು. ಆದರೂ ದುರುದ್ದೇಶದವರಿಗಿಂತ ಸಂಕೋಚದವರ ಚಿಂತೆಯೇ ಅವರಿಗೆ ಹೆಚ್ಚು. ಕೆಂಪಕ್ಷರ ಕಂಡೊಡನೆ ಎದ್ದುಹೋಗುವವರು ಮರಳಿ ಬರುವುದಿಲ್ಲ ಎನ್ನುತ್ತಿದ್ದರು.

ಓದು ಮುಗಿಸಿದ ಕೊಟ್ರೇಶ್ ಅಲ್ಲೇ ತಾತ್ಕಾಲಿಕ ಉಪನ್ಯಾಸಕನಾದ. ನಾಲ್ಕು ವರ್ಷದ ಹಿಂದೆ ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ವೆಬ್ ಅರ್ಜಿ ಕಟ್ಟುವ ಕೆಲಸ ಅವನ ಪಾಲಿಗೆ ಬಂತು. ಒಬ್ಬರು ಎರಡು ಸಲ ಅರ್ಜಿ ಹಾಕಬಾರದೆಂದು ಅವನೊಂದು ನಿಯಮ ಬರೆದ: ಒಂದು ಫೋನ್ ನಂಬರಿಗೆ ಒಂದೇ ಅರ್ಜಿ, ಅದೇ ನಂಬರಿನಿಂದ ಇನ್ನೊಂದು ಬಂದರೆ ಹಳೆಯದನ್ನು ಅಳಿಸಿ ಹೊಸದನ್ನು ಇಟ್ಟುಕೊಳ್ಳುವುದು. ಸೋಮವಾರ ಅರ್ಜಿ ತೆರೆಯಬೇಕಿತ್ತು. ತಂಗಿಗೆ ಹುಷಾರಿಲ್ಲವೆಂದು ಓಬವ್ವ ಹದಡಿಗೆ ಹೋಗಿದ್ದಳು. ಅವಳು ಬರುವವರೆಗೆ ಕಾಯುವುದು ಕೊಟ್ರೇಶನಿಗೆ ಹಾಸ್ಯಾಸ್ಪದವೆನಿಸಿತು. ಪುಸ್ತಕದಲ್ಲಿ ತಾನೇ ಬರೆದ: "ಓಬವ್ವ ನೋಡಿದರು. ತೊಂದರೆ ಇಲ್ಲ." ನಿರ್ಮಲಮ್ಮನವರು ಸಹಿ ಮಾಡಿದರು.

ಆನಗೋಡಿನಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಖತೀಜಾಬೀ ಊರಿನ ಆರು ಹುಡುಗಿಯರ ಅರ್ಜಿಯನ್ನು ತನ್ನ ಫೋನಿನಲ್ಲಿ, ತನ್ನದೇ ನಂಬರು ಕೊಟ್ಟು ತುಂಬಿದ್ದಳು. ಹಿಂದಿನವೆಲ್ಲ ಅಳಿಸಿಹೋಗಿ ಉಳಿದದ್ದು ಕೊನೆಯದೊಂದೇ. ಗೊತ್ತಾಗುವ ಹೊತ್ತಿಗೆ ಹಾಸ್ಟೆಲ್ ಭರ್ತಿಯಾಗಿತ್ತು. ನಿರ್ಮಲಮ್ಮನವರು ಮನೆಮನೆ ಅಲೆದು ನಾಲ್ವರಿಗೆ ನೆಂಟರ, ಗುರುತಿನವರ ಮನೆಗಳಲ್ಲಿ ಇರುವ ಏರ್ಪಾಡು ಮಾಡಿದರು. ಸುಮಾ ಎಂಬವಳಿಗೆ ಮಾತ್ರ ಆಗಲಿಲ್ಲ. ಪರರ ಮನೆಗೆ ಕಳಿಸಲು, ದಿನಾ ಬಸ್ಸಿಗೆ ಬಿಡಲು ಅವಳ ತಂದೆ ಒಪ್ಪಲಿಲ್ಲ.

ಕ್ಷಮೆ ಕೇಳಲು ಅವರು ಆನಗೋಡಿಗೆ ಹೋದಾಗ ಕೊಟ್ರೇಶನನ್ನೂ ಕರೆದುಕೊಂಡು ಹೋಗಿದ್ದರು. ಸುಮಾಳ ತಾಯಿ ಹಂಪವ್ವ ಚಾಪೆ ಹಾಸಿದಳು.

"ಕೂಡ್ರಿ ಮೇಡಮ್ಮೋರೆ. ನಮ್ಮ ಹುಡುಗಿ ಹೆಸರು ಬರ್ಲಿಲ್ಲ, ಅಷ್ಟ. ನೀವ್ಯಾಕ ಕೈ ಮುಗೀತೀರಿ?"

"ಆಕಿ ತಪ್ಪಿಲ್ಲ ಅಂತ ಆಕಿ ಎದುರಿಗೇ ಹೇಳಬೇಕಿತ್ತವ್ವ."

ಬಾಗಿಲ ಮರೆಯಲ್ಲಿದ್ದ ಸುಮಾ ಹೊರಗೆ ಬರಲಿಲ್ಲ. ಕೊಟ್ರೇಶ್ ಚಾಪೆಯ ಅಂಚು ನೋಡುತ್ತ ಕೂತಿದ್ದ. ಸುಮಾ ಈಗ ಖತೀಜಾಬೀಯ ಅಂಗಡಿಯಲ್ಲಿ ಹೊಲಿಯುತ್ತಾಳೆ.

ಆಡಳಿತ ಮಂಡಳಿ ವಿಚಾರಣೆ ನಡೆಸಿತು. "ಪುಸ್ತಕದಾಗ ನನ್ನ ಸಹಿ ಐತ್ರಿ. ನೋಡಬೇಕಾದೋಳು ನಾನು," ಎಂದು ನಿರ್ಮಲಮ್ಮನವರು ಮಾತು ಮುಗಿಸಿದರು. ಓಬವ್ವನನ್ನು ಕರೆದು ಕೇಳಬೇಕೆಂದು ಯಾರಿಗೂ ತೋಚಲಿಲ್ಲ. ನಿರ್ಮಲಮ್ಮನವರಿಗೆ ಬರಬೇಕಿದ್ದ ಪ್ರಾಚಾರ್ಯರ ಹುದ್ದೆ ಬೇರೆಯವರ ಪಾಲಾಯಿತು. ಮರುವರ್ಷ ಕೊಟ್ರೇಶನ ನೌಕರಿ ಕಾಯಂ ಆಯಿತು, ಅವರೇ ಬರೆದ ಶಿಫಾರಸು ಪತ್ರದಿಂದ.

ವಿಚಾರಣೆಯ ದಿನ ಮೆಟ್ಟಿಲ ಬಳಿ ಅವರು ನಿಂತು ಕೇಳಿದ್ದರು: "ಕೊಟ್ರೇಶ್, ಏನಾದ್ರೂ ಹೇಳೋದಿತ್ತೇನಪ್ಪ?"

"ಏನಿಲ್ಲ ಮೇಡಂ."

ಓಬವ್ವ ಹದಡಿಗೆ ಹೋದ ವಾರದ ರಜೆ ಚೀಟಿಗೆ ಸಹಿ ಹಾಕಿದ್ದವರೂ ಅವರೇ ಎಂಬುದು ಕೊಟ್ರೇಶನಿಗೆ ಹೊಳೆದದ್ದು ಎಷ್ಟೋ ತಿಂಗಳ ಮೇಲೆ. ಅವರಿಗೆ ಅಂದೇ ಗೊತ್ತಿತ್ತೋ ಏನೋ. ಆಮೇಲೆ ಅವರು ಮತ್ತೆ ಕೇಳಲಿಲ್ಲ. ಬಿಡುವಿನಲ್ಲಿ ಅರ್ಧ ರೊಟ್ಟಿ ಕೊಡುವುದನ್ನೂ ನಿಲ್ಲಿಸಲಿಲ್ಲ.

ನಿರ್ಮಲಮ್ಮನವರು ಹರಿಹರದ ತಮ್ಮ ಮನೆಯಲ್ಲಿ ಆರೋಗ್ಯದಿಂದ, ನೆಮ್ಮದಿಯಿಂದ ಬಹುಕಾಲ ಬಾಳಲಿ. ಜನ ಮುದುರಿ ಎಸೆದ ಅರ್ಜಿಗಳನ್ನು ಇನ್ನೂ ಆರಿಸುತ್ತಿರಲಿ, ಅವುಗಳ ಮಡಿಕೆ ಬಿಡಿಸಿ ಕೇಳುವ ಪ್ರಶ್ನೆಗಳು ಇನ್ನಷ್ಟು ಮಕ್ಕಳ ಕಿವಿಗೆ ಬೀಳಲಿ. ಲ್ಯಾಬಿನ ಕಪಾಟಿನಲ್ಲಿ ಆ ಉದ್ದನೆಯ ಪುಸ್ತಕ ಈಗಲೂ ಇದೆ, ಆ ಪುಟವೂ ಇದೆ. ಓಬವ್ವ ಆ ಅರ್ಜಿಯನ್ನು ನೋಡಿರಲಿಲ್ಲವೆಂದು, ತಾನು ಸುಳ್ಳು ಬರೆದೆನೆಂದು, ಕೊಟ್ರೇಶ್ ಅವರಿಗೆ ಒಮ್ಮೆಯೂ ಹೇಳಲಿಲ್ಲ.